ಪೋಸೊ ಸಲಾದೊದ ನರಳು ಹಕ್ಕಿ

ನಮ್ಮ ಪೋಸೊ ಸಲಾದೊದಲ್ಲಿ ಬರವಿರುವುದು ನೀರಿಗೆ, ಎಲ್ಲ ಬಲ್ಲವರಿಗಲ್ಲ. ಔಷಧಿ ಅಂಗಡಿಯ ಪುರಿಸಾಕಾಗೆ ರಾಜಧಾನಿ ಲಿಮಾದ ಮಂತ್ರಿಗಳು ರಾತ್ರಿ ಏನು ಉಂಡರೆಂಬುದೂ ಗೊತ್ತು. ಸಾರ್ಜೆಂಟ್ ತೂಮೆಗೆ ಅಪರಾಧ ನಡೆಯುವ ಮೊದಲೇ ಅಪರಾಧಿ ಯಾರೆಂದು ಗೊತ್ತು. ಪುರಸಭೆಯ ಹೆಡ್ ಗುಮಾಸ್ತ ಅಬೆಲಾರ್ದೊ ಕೆರೆವಲೂಗೆ ಕಾನೂನು ಗೊತ್ತು. ಹಾಗೆಂದು ಅವನೇ ಹೇಳುತ್ತಾನೆ. ನಾನು ಕ್ಷೌರಿಕ. ಈ ಎಲ್ಲ ತಲೆಗಳನ್ನೂ ಹೊರಗಿನಿಂದ ಬಲ್ಲೆ, ಒಳಗೆ ಏನಿದೆಯೆಂಬುದನ್ನು ತೂಕದಿಂದ ಊಹಿಸಿದ್ದೇನೆ.

ಏನೂ ಗೊತ್ತಿಲ್ಲದೆ ಉಳಿದಿದ್ದವನು ನನ್ನ ಎದುರಂಗಡಿಯ ಫೆರ್ಮಿನ್ ಯರ್ಲೆಕೆ ಒಬ್ಬನೇ. ಮೊಳೆ, ಕೀಲು, ಬೀಗ, ಬಣ್ಣದ ಡಬ್ಬಿ ಮಾರುವ ದುಂಡನೆಯ ಮನುಷ್ಯ. ನಾಲ್ಕು ಜನ ಸೇರಿದ ಕಡೆ ಅವನೂ ಬಂದು ಸೇರುತ್ತಿದ್ದ, ತಲೆಯಾಡಿಸುತ್ತಿದ್ದ, ಯಾರ ಮಾತಿಗೆ ಎಂದು ಅವನಿಗೂ ತಿಳಿಯುತ್ತಿರಲಿಲ್ಲ.

ಈ ಕೊರತೆ ನೀಗಿದ್ದು ಅಬೆಲಾರ್ದೊನ ಮೊಮ್ಮಗಳ ಜ್ಞಾನಸ್ನಾನದ ಊಟದಲ್ಲಿ. ಅಬೆಲಾರ್ದೊ ಎಂದರೆ ಫೆರ್ಮಿನ್‌ನ ಹೆಂಡತಿ ದೊಮಿತಿಲಾಳ ಅಣ್ಣ. ತಂಗಿಯನ್ನು ಮೊಳೆ ಮಾರುವವನಿಗೆ ಕೊಟ್ಟುಬಿಟ್ಟೆವಲ್ಲ ಎಂಬ ಕೊರಗನ್ನು ಮದುವೆಯ ದಿನದಿಂದ ಜತನವಾಗಿ ಕಾಪಾಡಿಕೊಂಡು ಬಂದವನು. ಅವನೆದುರು ಫೆರ್ಮಿನ್ ಒಂದು ವಾಕ್ಯವನ್ನು ಕೊನೆಮುಟ್ಟಿಸಿದ್ದನ್ನು ನಾನು ಕೇಳಿಲ್ಲ. ಅಂದು ಲಿಮಾದಿಂದ ಬಂದ ಒಬ್ಬ ಟೀಚರಮ್ಮ ಅಂಗಳದ ಗೋಡೆಯ ಮೇಲೆ ಕೂತ ಹಕ್ಕಿಯನ್ನು ತೋರಿಸಿ, "ಅದ್ಯಾವ ಹಕ್ಕಿ?" ಎಂದಳು. ಎಲ್ಲ ಬಲ್ಲವರೆಲ್ಲ ತಟ್ಟೆ ನೋಡಿದರು. ಆಗ ಮೂರನೆಯ ಬೋಗುಣಿ ಚಿಚಾ, ಅಂದರೆ ಮುಸುಕಿನ ಜೋಳದ ಹೆಂಡ, ಮುಗಿಸಿದ್ದ ಫೆರ್ಮಿನ್ ತಲೆಯೆತ್ತದೆ, "ಸಣ್ಣ ಬೂದಿಬಾಲ. ಹೆಣ್ಣು. ಈ ವರ್ಷ ಎರಡು ಸಲ ಮೊಟ್ಟೆ ಇಟ್ಟಿದೆ" ಎಂದುಬಿಟ್ಟ.

ಹಾಗೊಂದು ಹಕ್ಕಿ ಭೂಮಿಯ ಮೇಲೆ ಇಲ್ಲ. ಆದರೆ ಇಲ್ಲವೆನ್ನಲು ಯಾರಿಗೆ ಗೊತ್ತಿರಬೇಕು? ಟೀಚರಮ್ಮ ಕಣ್ಣರಳಿಸಿದಳು. ಅಬೆಲಾರ್ದೊ ಎದ್ದು ಬಂದು ತನ್ನ ಕೈಯಾರೆ ತಂಗಿಯ ಗಂಡನ ಬೋಗುಣಿಗೆ ಚಿಚಾ ಸುರಿದ. ಫೆರ್ಮಿನ್ ಕೆಟ್ಟದ್ದು ಆ ಚಿಚಾದಿಂದ. ಮುಂದಿನ ವಾರವೇ ಪಾಯ್ತಾ ಬಂದರಿಗೆ ಹೋಗಿ, ಹಡಗಿನ ಅಡಿಗೆಯವನೊಬ್ಬನಿಂದ ಹಳೆಯ ದುರ್ಬೀನು ತಂದ. ಅದರ ಒಂದು ಗಾಜು ಬಿರುಕು ಬಿಟ್ಟಿದ್ದರಿಂದ ನೋಡಿದ ಹಕ್ಕಿಗಳೆಲ್ಲ ಜೋಡಿಯಾಗಿಯೇ ಕಾಣುತ್ತಿದ್ದವು. "ನಮ್ಮ ಕಡೆ ಹಕ್ಕಿಗಳು ಒಂಟಿಯಾಗಿ ಇರೋದೇ ಇಲ್ಲ" ಎಂದು ಅವನು ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ. ದುರ್ಬೀನಿನ ಜೊತೆಗೆ ಆ ಅಡಿಗೆಯವನು ಯಾವುದೋ ಚಳಿದೇಶದ ಹಕ್ಕಿಪುಸ್ತಕವನ್ನೂ ಅಂಟಿಸಿದ್ದ. ಅದರ ಭಾಷೆ ಫೆರ್ಮಿನ್‌ಗೆ ಬಾರದು. ಚಿತ್ರಕ್ಕೆ ಭಾಷೆ ಯಾಕೆ ಎಂಬುದು ಅವನ ವಾದ.

ಇಷ್ಟಕ್ಕೇ ನಿಂತಿದ್ದರೆ ಊರಿಗೆ ಇನ್ನೊಬ್ಬ ಪಂಡಿತ ಸಿಕ್ಕಿದ ಎಂದು ಸುಮ್ಮನಿರಬಹುದಿತ್ತು. ಆದರೆ ಆ ವರ್ಷ ಪಕ್ಕದ ಲಗುನಿತಾದವರು ತಮ್ಮ ನೀರಿನ ಟ್ಯಾಂಕಿನ ಮೇಲೆ ಗುಲಾಬಿ ಬಣ್ಣದ ರಾಜಹಂಸದ ಚಿತ್ರ ಬರೆಸಿದರು. ಹೆದ್ದಾರಿಯ ಬಸ್ಸುಗಳು ಅಲ್ಲಿ ನಿಲ್ಲತೊಡಗಿದವು. ನಮ್ಮ ಮೇಯರ್ ಬಾಲ್ತಸಾರ್ ಎಚೆಗೆ ಇದನ್ನು ನುಂಗಲಾಗಲಿಲ್ಲ.

"ನಮ್ಗೂ ಒಂದು ಹಕ್ಕಿ ಬೇಕು" ಎಂದು ಅವನು ಅಬೆಲಾರ್ದೊನನ್ನು ಕರೆಸಿ ಹೇಳಿದ. "ಅದು ಬೇರೆ ಯಾವ್ ನನ್ಮಗನ ಹತ್ರಾನೂ ಇರ್ಬಾರ್ದು."

"ನಮ್ ಫೆರ್ಮಿನ್ ಇದ್ದಾನಲ್ಲ ಸಾರ್" ಎಂದ ಅಬೆಲಾರ್ದೊ. ಅವನು ಫೆರ್ಮಿನ್‌ಗೆ 'ನಮ್ಮ' ಎಂಬ ಮಾತನ್ನು ಸೇರಿಸಿದ್ದು ಅದೇ ಮೊದಲು. ಸಂಜೆಯೊಳಗೆ ಫೆರ್ಮಿನ್ ಊರಿನ ಅಧಿಕೃತ ಹಕ್ಕಿಶೋಧಕನಾದ. ತಿಂಗಳ ಕೊನೆಗೆ ಕೌನ್ಸಿಲ್ ಸಭೆಯಲ್ಲಿ ವರದಿ ಒಪ್ಪಿಸಬೇಕು. ಅದನ್ನು ಕೇಳಿದಾಗ ಅವನ ಮುಖ ನೋಡಬೇಕಿತ್ತು. ನಾನು ಹಲ್ಲೂ ಕೀಳುತ್ತೇನೆ; ಅದಕ್ಕೆಂದು ಬಂದವನು ಕೂಡ ನನ್ನ ಕುರ್ಚಿಯಲ್ಲಿ ಅಷ್ಟು ಬಿಳಿಚಿಕೊಂಡು ಕೂತಿಲ್ಲ.

ಒಂದು ದಿನ ಬೆಳಗಿನ ಜಾವ ಅವನ ಹಿತ್ತಿಲ ಕಡೆಯಿಂದ ಒಂದು ಸದ್ದು ಬಂತು.

"ಕ್ರ್ರ್ರ್... ಎಂಞ್ಞ್ಞ್... ಉಕ್ಕ್."

"ಕೀಲಿಗೆ ಎಣ್ಣೆ ಬಿಡು ಬಿಡು ಅಂತ ಬಾಯಿ ನೋಯ್ಸಿಕೊಂಡೆ" ಎಂದು ದೊಮಿತಿಲಾ ಕಣ್ಣುಮುಚ್ಚಿಯೇ ಶುರುಮಾಡಿದಳು. "ಊರಿಗೆಲ್ಲ ಕೀಲು ಮಾರ್ತಾನೆ, ಮನೆ ಬಾಗ್ಲು ಹೆರಿಗೆ ನೋವಲ್ಲಿರೋ ಕತ್ತೆ ಥರ ಕೂಗುತ್ತೆ. ಎಲ್ಲಿಗೆ ಎದ್ದು ಹೊರಟೆ?"

"ನಾನಿಲ್ಲೇ ಇದೀನಲ್ಲೇ, ನಿನ್ ಪಕ್ಕದಲ್ಲಿ" ಎಂದ ಫೆರ್ಮಿನ್.

ಇಬ್ಬರೂ ಎದ್ದು ಕೂತರು. ಹಾಗಾದರೆ ಬಾಗಿಲು ತೆಗೆದವರು ಯಾರು? ಫೆರ್ಮಿನ್ ಸಲಾಕೆ ಹಿಡಿದು, ದೊಮಿತಿಲಾ ಫೆರ್ಮಿನ್‌ನ ಅಂಗಿ ಹಿಡಿದು ಹಿತ್ತಿಲಿಗೆ ಹೋದರು. ಬಾಗಿಲು ಮುಚ್ಚಿಯೇ ಇತ್ತು. ಸದ್ದು ಬಂದದ್ದು ಬೇಲಿಯಾಚೆಯ ಜಾಲಿ ಪೊದೆಯಿಂದ. ಅಲ್ಲೊಂದು ಹಕ್ಕಿ ಕೂತಿತ್ತು. ಬೆನ್ನು ಬೂದಿ ಬಣ್ಣ, ಹೊಟ್ಟೆ ಇಟ್ಟಿಗೆ ಬಣ್ಣ, ಹಣೆಯ ಮೇಲೂ ಅದೇ ಇಟ್ಟಿಗೆಯ ಒಂದು ಬೊಟ್ಟು. ಗಿಡ್ಡ ಮೊಂಡು ಕೊಕ್ಕು. ಮೈ ಫೆರ್ಮಿನ್‌ನ ಹಾಗೆಯೇ ದುಂಡಗೆ. ಹುಳು ಇಲ್ಲ, ಕಾಳು ಇಲ್ಲ, ಮೇಕೆಯ ಹಾಗೆ ಎಲೆ ಕತ್ತರಿಸಿ ಕತ್ತರಿಸಿ ತಿನ್ನುತ್ತಿತ್ತು. ನಡುವೆ ಒಮ್ಮೆ ತಲೆಯೆತ್ತಿ, ಸಾಲ ಕೊಟ್ಟವನನ್ನು ಕಂಡಂತೆ ನರಳಿ, ಮತ್ತೆ ಎಲೆಗೆ ಬಾಯಿ ಹಾಕಿತು.

ಫೆರ್ಮಿನ್ ಒಳಗೆ ಓಡಿ ಪುಸ್ತಕ ತಂದ. ಹಾಳೆ ತಿರುವಿದ. ಬೂದಿ ಬೆನ್ನು, ಕೆಂಪು ಹೊಟ್ಟೆ, ಮೊಂಡು ಕೊಕ್ಕಿನ ದುಂಡು ಹಕ್ಕಿಯೊಂದು ಸಿಕ್ಕಿಯೇಬಿಟ್ಟಿತು. ಒಂದೇ ತೊಡಕೆಂದರೆ ಚಿತ್ರದ ಹಕ್ಕಿ ಮೊಣಕಾಲುದ್ದದ ಹಿಮದಲ್ಲಿ ನಿಂತಿತ್ತು.

"ಇದು ಹಿಮ ಕಣೋ" ಎಂದೆ ನಾನು, ಅವನು ಅಂಗಡಿಗೆ ಓಡಿ ಬಂದು ತೋರಿಸಿದಾಗ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಉಪ್ಪು" ಎಂದ. "ಬೆಳ್ಳಗೆ ನೆಲದ ತುಂಬ ಬಿದ್ದಿರೋದು ಉಪ್ಪಲ್ದೆ ಇನ್ನೇನು? ನಮ್ಮೂರ ಹೆಸರೇನು? ಉಪ್ಪಿನ ಬಾವಿ. ಈ ಪುಸ್ತಕ ಬರೆದೋನು ಇಲ್ಲಿಗೆ ಬಂದು ಹೋಗಿದಾನೆ ಕಣಯ್ಯಾ!"

ಹೀಗೆ ನೋಟದಿಂದ ಗುರುತು ಹಿಡಿದದ್ದಾಯಿತು. ಇನ್ನು ದನಿಯಿಂದ ಖಾತ್ರಿ ಮಾಡಿಕೊಳ್ಳಬೇಕು ಎಂದು ಅವನು ಹೊರಟ. ಅನರ್ಥಕ್ಕೆ ದಾರಿಯಾದದ್ದು ಇದೇ. ಹಕ್ಕಿಯ ಸದ್ದನ್ನು ಬರೆದು ತೋರಿಸಲಾಗುವುದಿಲ್ಲ. ಹಾಗಾಗಿ ಸಿಕ್ಕಿದವರ ಮುಂದೆಲ್ಲ ನಿಂತು, ಕತ್ತು ಮುಂದೆ ಚಾಚಿ, ಕಣ್ಣು ಅರೆಮುಚ್ಚಿ, "ಕ್ರ್ರ್ರ್... ಎಂಞ್ಞ್ಞ್... ಉಕ್ಕ್" ಎಂದು ತಾನೇ ನರಳಿ, "ಹಿಂಗೆ ಎಲ್ಲಾದ್ರೂ ಕೇಳಿದೀರಾ?" ಎಂದು ವಿಚಾರಿಸತೊಡಗಿದ.

ಮೊದಲು ಹೋದದ್ದು ಪುರಿಸಾಕಾನ ಔಷಧಿ ಅಂಗಡಿಗೆ. ಪುರಿಸಾಕಾ ಕೊನೆಯವರೆಗೂ ಗಂಭೀರವಾಗಿ ಕೇಳಿದ.

"ಎಷ್ಟು ದಿನದಿಂದ?"

"ಇವತ್ತು ಬೆಳಗ್ಗೆಯಿಂದ."

"ಊಟ ಆದ್ಮೇಲೋ, ಮೊದಲೋ?"

"ಎಲೆ ತಿನ್ನೋವಾಗ ನಡುನಡುವೆ."

"ಎಲೆ ತಿಂದ್ರೆ ಇನ್ನೇನಾಗುತ್ತೆ!" ಎಂದು ಪುರಿಸಾಕಾ ಕಪ್ಪನೆಯ ಭೇದಿ ಔಷಧಿಯನ್ನು ದೊಡ್ಡ ಚಮಚಕ್ಕೆ ಸುರಿದು, ಇವನ ಮೂಗು ಹಿಡಿದು ಬಾಯಿಗೆ ಹಾಕಿಯೇಬಿಟ್ಟ. ಆ ದಿನ ಮಧ್ಯಾಹ್ನದವರೆಗೆ ಪಕ್ಷಿಶಾಸ್ತ್ರ ಮುಂದುವರಿಯಲಿಲ್ಲ. ಹಿತ್ತಿಲ ಬಾಗಿಲಿಗೆ ಮಾತ್ರ ಪುರುಸೊತ್ತಿರಲಿಲ್ಲ.

ಸಂಜೆ ನೆರೆಮನೆಯ ವಿಧವೆ ಎರ್ಮೆಲಿಂದಾ ಪಾಂತಾಳನ್ನು ಬೇಲಿಯ ಬಳಿ ನಿಲ್ಲಿಸಿ ಕೇಳಿದ. ಅವನ ನರಳಾಟ 'ಉಕ್ಕ್' ತಲುಪುವಷ್ಟರಲ್ಲಿ ಎರ್ಮೆಲಿಂದಾಳ ಕೈಯಿಂದ ಬಟ್ಟೆಯ ಬುಟ್ಟಿ ಬಿತ್ತು.

"ಕಸಿಮಿರೊ!" ಎಂದಳು.

ಕಸಿಮಿರೊ ಎಂದರೆ ತೀರಿಹೋದ ಅವಳ ಗಂಡ. ಬದುಕಿದ್ದಷ್ಟು ಕಾಲ ಕುರ್ಚಿಯಿಂದ ಏಳುವಾಗ ಅವನು ಹೊರಡಿಸುತ್ತಿದ್ದ ಸದ್ದು ಥೇಟ್ ಹೀಗೇ ಇತ್ತಂತೆ. "ಇನ್ನೊಂದ್ಸಲ ಮಾಡಪ್ಪಾ ಫೆರ್ಮಿನ್. ನಿನ್ನ ದಮ್ಮಯ್ಯ" ಎಂದು ಅತ್ತಳು. ಅಳುವ ಹೆಂಗಸಿಗೆ ಇಲ್ಲವೆನ್ನುವುದು ಹೇಗೆ? ಫೆರ್ಮಿನ್ ಇನ್ನೊಮ್ಮೆ ನರಳಿದ. ಮರುದಿನ ಸಂಜೆ ಅವಳು ಕಸಿಮಿರೊನ ಕುರ್ಚಿಯನ್ನೇ ಹೊತ್ತು ತಂದಳು. ಫೆರ್ಮಿನ್ ಅದರಲ್ಲಿ ಕೂರಬೇಕು, ಏಳಬೇಕು, ನರಳಬೇಕು. ಅವಳು ಎದುರಿಗೆ ಕೂತು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ, ನೀವು ಕೂತ್ಕೊಳಿ, ನಾನೇ ನೀರು ತರ್ತೀನಿ" ಎನ್ನುವಳು. ಹೋಗುವಾಗ ಬಾಳೆಕಾಯಿ ಚಿಪ್ಸು ಕೊಟ್ಟು ಹೋಗುವಳು. ಫೆರ್ಮಿನ್‌ಗೆ ಚಿಪ್ಸು ಇಷ್ಟ.

ದೊಮಿತಿಲಾ ಒಂದು ಸಂಜೆ ಸಹಿಸಿದಳು, ಎರಡು ಸಂಜೆ ಸಹಿಸಿದಳು. ಆಮೇಲೆ ತನ್ನ ಬಟ್ಟೆಯ ಗಂಟನ್ನೂ ದೊಡ್ಡ ಪಾತ್ರೆಯನ್ನೂ ಎತ್ತಿಕೊಂಡು ಬೀದಿಗಿಳಿದಳು. ಅವಳು ಅಂದದ್ದನ್ನು ಬೀದಿಯೆಲ್ಲ ಕೇಳಿತು. "ಹಕ್ಕಿ ಜೊತೆ ಬೇಕಾದ್ರೆ ಸಂಸಾರ ಮಾಡ್ತೀನಿ. ಪಕ್ಕದ ಮನೆ ಸತ್ತೋನ ಜೊತೆ ನನ್ ಕೈಲಾಗಲ್ಲ!" ನೇರ ಅಣ್ಣನ ಮನೆಗೆ ಹೋದಳು. ಫೆರ್ಮಿನ್ ಬಾಗಿಲಲ್ಲಿ ನಿಂತು, "ವರದಿ ಒಪ್ಸಿದ್ಮೇಲೆ ಎಲ್ಲ ಸರಿಹೋಗುತ್ತೆ" ಎಂದು ನನಗೆ ಹೇಳಿದ. ಅವನ ಕೈಯಲ್ಲಿ ಚಿಪ್ಸಿನ ಪೊಟ್ಟಣವಿತ್ತು. ತಿನ್ನುತ್ತಿರಲಿಲ್ಲ.

ವರದಿಯ ದಿನ ಬಂತು. ಕೌನ್ಸಿಲ್ ಸಭಾಂಗಣ ತುಂಬಿತ್ತು. ಮೇಯರ್ ಎಚೆ ಎದ್ದು ನಿಂತ. ಈ ಮೇಯರ್ ಭಾಷಣ ಮಾಡುವುದನ್ನು ಕಂಡವರಿಗೆ ಗೊತ್ತು: ಬಾಯಿ ತೆರೆಯುವ ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಾನೆ, ಸಾಕಷ್ಟು ದೀರ್ಘವಾಗಿ, ಮೂಗಿನ ಮೂಲಕ, ಕೊನೆಗೊಂದು ಬಿಕ್ಕಳಿಕೆಯೊಂದಿಗೆ. ಆ ದಿನವೂ ಹಾಗೆಯೇ ಸರಿಮಾಡಿಕೊಂಡು ನಾಡು, ನುಡಿ, ಟ್ಯಾಂಕು ಎಂದೆಲ್ಲ ಮಾತಾಡಿ ಕೂತ. ಆಮೇಲೆ ಫೆರ್ಮಿನ್ ಎದ್ದ. ಕೋಟು ಹಾಕಿದ್ದ. ಮೊದಲ ಸಾಲಿನಲ್ಲಿ ಅಬೆಲಾರ್ದೊ ಹೆಮ್ಮೆಯಿಂದ ಕಾಲ ಮೇಲೆ ಕಾಲು ಹಾಕಿಕೊಂಡ.

"ಮಾನ್ಯರೇ" ಎಂದ ಫೆರ್ಮಿನ್, "ನಮ್ಮೂರಿನ ಹಕ್ಕಿ ಏನು ಹೇಳುತ್ತೆ ಅಂದ್ರೆ..." ಕತ್ತು ಚಾಚಿದ. ಕಣ್ಣು ಅರೆಮುಚ್ಚಿದ. "ಕ್ರ್ರ್ರ್... ಎಂಞ್ಞ್ಞ್... ಉಕ್ಕ್!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಿರೋಧ ಪಕ್ಷದವರು ಬೆಂಚು ಗುದ್ದಿ ನಕ್ಕರು. ಹೆಂಗಸರು ಶಾಲು ಬಾಯಿಗೆ ತುರುಕಿಕೊಂಡರು. ನಗುವಿನ ಕಾರಣ ತಿಳಿಯದವರು ಇಬ್ಬರೇ: ಒಬ್ಬ ಫೆರ್ಮಿನ್, ಇನ್ನೊಬ್ಬ ಮೇಯರ್. ಅಬೆಲಾರ್ದೊ ಮೇಯರ್‌ನ ಕಿವಿಯಲ್ಲಿ ಪಿಸುಗುಟ್ಟಿದ ಮೇಲೆ ಒಬ್ಬನೇ ಉಳಿದ.

"ಚೆನ್ನಾಗಿ ಕೇಳಿಸ್ಲಿಲ್ವೇನೋ" ಎಂದು ಫೆರ್ಮಿನ್ ಎರಡನೆಯ ಸಲ, ಇನ್ನೂ ಜೋರಾಗಿ ಮಾಡಿ ತೋರಿಸಿದ.

"ಹಿಡೀರಿ ಅವನ್ನ!" ಎಂದ ಮೇಯರ್. ಹೇಳುವ ಮೊದಲು ಗಂಟಲು ಸರಿಮಾಡಿಕೊಂಡದ್ದೇ ತಪ್ಪಾಯಿತು. ಸಭೆ ಮುಗಿಯಿತು, ನಗು ಮುಗಿಯಲಿಲ್ಲ.

ಠಾಣೆಯಲ್ಲಿ ಸಾರ್ಜೆಂಟ್ ತೂಮೆ ಟೈಪ್‌ರೈಟರಿಗೆ ಹಾಳೆ ಏರಿಸಿದ. ಆಪಾದನೆ, ಅಧಿಕಾರಸ್ಥರ ಅವಹೇಳನ. ಅವಹೇಳನದ ಮಾತುಗಳನ್ನು ಆಡಿದಂತೆಯೇ ದಾಖಲಿಸಬೇಕೆಂಬುದು ನಿಯಮ. ಕಿಟಕಿಯ ಹೊರಗೆ ನಿಂತಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಏನಂದೆ? ಅದನ್ನೇ ಹೇಳು."

"ಕ್ರ್ರ್ರ್... ಎಂಞ್ಞ್ಞ್... ಉಕ್ಕ್."

"ನಿಧಾನ ನಿಧಾನ. 'ರ' ಒಂದೋ ಎರಡೋ?"

"ಮೂರು ಇರ್ಬೌದು ಸಾರ್."

"ಇರ್ಬೌದು ಅಂದ್ರೆ ನ್ಯಾಯಾಧೀಶರು ಒಪ್ಪಲ್ಲ. ಇನ್ನೊಂದ್ಸಲ." ಟಕ್, ಟಕ್. "ಕೊನೆಗೆ ಏನ್ ಚಿಹ್ನೆ ಹಾಕ್ಲಿ? ಇದು ಪ್ರಶ್ನೆನೋ, ಆಶ್ಚರ್ಯನೋ?"

"ಅದು ದೂರು ಹೇಳೋ ಹಂಗಿರುತ್ತೆ ಸಾರ್."

"ದೂರಾ? ಯಾರ ಮೇಲೆ? ನೀನು ಇಲ್ಲಿ ಆರೋಪಿ ಕಣಯ್ಯಾ, ದೂರು ಕೊಡೋ ಹಂಗಿಲ್ಲ!"

ಅಕ್ಷರ ಸರಿಬರುವುದಿಲ್ಲವೆಂದು ಸಾರ್ಜೆಂಟ್ ತಾನೇ ಬಾಯಿಬಿಟ್ಟು ಹೇಳಿ ಹೇಳಿ ಟೈಪ್ ಮಾಡತೊಡಗಿದ. ಸಾರ್ಜೆಂಟನದು ದೊಡ್ಡ ಎದೆ. ಅವನು ನರಳಿದರೆ ಚೌಕದವರೆಗೆ ಕೇಳುತ್ತದೆ. ಚೌಕದಲ್ಲಿದ್ದವರು, "ಅಯ್ಯೋ, ಫೆರ್ಮಿನ್‌ನ ಚಚ್ಚುತಾ ಇದಾರೆ!" ಎಂದರು. ಸುದ್ದಿ ಅಬೆಲಾರ್ದೊನ ಮನೆ ಮುಟ್ಟುವಷ್ಟರಲ್ಲಿ ಫೆರ್ಮಿನ್‌ನ ಎರಡು ಪಕ್ಕೆಲುಬು ಮುರಿದಿತ್ತು. ವಿರೋಧ ಪಕ್ಷದವರು ಬ್ಯಾನರು ಹಿಡಿದು ಬಂದರು. ಅವರಿಗಿಂತ ಮೊದಲು, ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಸೌಟಿನ ಸಮೇತ ದೊಮಿತಿಲಾ ಬಂದಳು. ಪೇದೆಯನ್ನು ಪಕ್ಕಕ್ಕೆ ನೂಕಿ ಬಾಗಿಲು ಒದ್ದಳು.

ಒಳಗೆ ಸಾರ್ಜೆಂಟ್ ಕತ್ತು ಚಾಚಿ ನರಳುತ್ತಿದ್ದ. ಫೆರ್ಮಿನ್ ಮೇಜಿನ ಮೇಲೆ ಕೂತು, ಒಂದು ಕೈಯಲ್ಲಿ ಕಾಫಿ ಹಿಡಿದು, "ಅಷ್ಟು ಎದೆಯಿಂದ ಬೇಡ ಸಾರ್. ಮೂಗಿಂದ, ಮೂಗಿಂದ" ಎಂದು ತಿದ್ದುತ್ತಿದ್ದ.

ದೊಮಿತಿಲಾ ಸೌಟನ್ನು ಗಂಡನ ಕಡೆಗೆ ಎಸೆದು, ಬಂದ ದಾರಿಯಲ್ಲೇ ವಾಪಸು ಹೋದಳು.

ಪೊಲೀಸ್ ದೌರ್ಜನ್ಯ ಎಂಬ ಕೂಗೆದ್ದ ಮೇಲೆ ಮೇಯರ್‌ಗೆ ಬೇರೆ ದಾರಿ ಉಳಿಯಲಿಲ್ಲ. ಹಕ್ಕಿಯಿದ್ದರೆ ತೋರಿಸಲಿ, ಇಲ್ಲವೆಂದರೆ ಜೈಲಿಗೆ ಹೋಗಲಿ ಎಂದ. ಮರುದಿನ ಬೆಳಗ್ಗೆ ಮೂರು ಚಕ್ರದ ಮೋಟೊಟ್ಯಾಕ್ಸಿಗಳ ಮೆರವಣಿಗೆ, ಹಕ್ಕಿ ಈಗ ಮೇಯಲು ಹೋಗುತ್ತಿದ್ದ ಊರಾಚೆಯ ಜಾಲಿ ತೋಪಿಗೆ ಹೊರಟಿತು. ಮೇಯರ್, ಸಾರ್ಜೆಂಟ್, ಪುರಿಸಾಕಾ, ಬ್ಯಾನರಿನ ಸಮೇತ ವಿರೋಧ ಪಕ್ಷ. ಕಸಿಮಿರೊನನ್ನು ಕಣ್ಣಾರೆ ನೋಡಬೇಕೆಂದು ಕಪ್ಪು ಲಂಗ ಉಟ್ಟ ಎರ್ಮೆಲಿಂದಾ. ಕೊನೆಯ ಗಾಡಿಯಲ್ಲಿ, ಅಣ್ಣನ ಪಕ್ಕದಲ್ಲಿ, ಬೇರೆ ಕಡೆ ಮುಖ ತಿರುಗಿಸಿಕೊಂಡ ದೊಮಿತಿಲಾ.

ಹಕ್ಕಿ ಇತ್ತು. ಪೊದೆಯ ಮೇಲೇ ಕೂತು ಎಲೆ ಮೇಯುತ್ತಿತ್ತು.

"ಗುಬ್ಬಿ" ಎಂದ ಸಾರ್ಜೆಂಟ್.

"ರಕ್ತಹೀನತೆ ಇರೋ ಪಾರಿವಾಳ" ಎಂದ ಪುರಿಸಾಕಾ.

"ಕೂಗ್ಸು" ಎಂದ ಮೇಯರ್.

ಫೆರ್ಮಿನ್ ನರಳಿದ. ಹಕ್ಕಿ ಅವನ ಕಡೆ ನೋಡಲೂ ಇಲ್ಲ. ಅವನು ಪೊದೆಯ ಸುತ್ತ ಸುತ್ತಿ ನರಳಿದ, ಮೊಣಕಾಲೂರಿ ನರಳಿದ. ಹಕ್ಕಿ ಇನ್ನೊಂದು ಎಲೆ ಕತ್ತರಿಸಿತು. ಸಾರ್ಜೆಂಟ್ ಸೊಂಟದಿಂದ ಬೇಡಿ ಬಿಚ್ಚಿದ. ಫೆರ್ಮಿನ್‌ನ ಕೆನ್ನೆಯ ಮೇಲೆ ಬೆವರೋ ಇನ್ನೇನೋ ಇಳಿಯುತ್ತಿತ್ತು. ಅಬೆಲಾರ್ದೊ ಎಲ್ಲರಿಗೂ ಕೇಳುವಂತೆ, "ಮೊಳೆ ಮಾರೋನು ಮೊಳೆನೇ ಮಾರ್ಬೇಕಿತ್ತು" ಎಂದ. 'ನಮ್ಮ' ಎಂಬುದು ಅಲ್ಲಿಗೆ ಮುಗಿಯಿತು.

"ನಾಗರಿಕರೇ" ಎಂದು ಶುರುಮಾಡಲು ಮೇಯರ್ ಮುಂದೆ ಬಂದ. ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡ.

ಹಕ್ಕಿ ಎಲೆಯನ್ನು ಉಗುಳಿತು. ಪುಕ್ಕವೆಲ್ಲ ಉಬ್ಬಿಸಿತು. ತನ್ನ ಸೀಮೆಗೆ ಬೇರೊಂದು ಗಂಡು ನುಗ್ಗಿದೆ ಎಂಬ ಸಿಟ್ಟಿನಿಂದ ತುದಿಕೊಂಬೆಗೆ ಜಿಗಿದು, ಮೇಯರ್‌ನ ಮುಖಕ್ಕೆ ನೇರ, "ಕ್ರ್ರ್ರ್... ಎಂಞ್ಞ್ಞ್... ಉಕ್ಕ್!" ಎಂದಿತು.

ಮೇಯರ್ ಬೆಚ್ಚಿ ಮತ್ತೆ ಗಂಟಲು ಸರಿಮಾಡಿಕೊಂಡ. ಹಕ್ಕಿ ಮತ್ತೆ ಉತ್ತರ ಕೊಟ್ಟಿತು. ಮೂರು ನಾಲ್ಕು ಸುತ್ತು ಹೀಗೆ ನಡೆಯಿತು. ಆ ವರ್ಷ ನಮ್ಮ ಪುರಸಭೆಯಲ್ಲಿ ನಡೆದ ಅತ್ಯಂತ ನೇರವಾದ ಚರ್ಚೆ ಅದು. ಜನ ಮರಳಿನಲ್ಲಿ ಉರುಳಾಡಿದರು. ಎರ್ಮೆಲಿಂದಾ ಮಾತ್ರ ನಗಲಿಲ್ಲ. ಹತ್ತಿರ ಹೋಗಿ ಹಕ್ಕಿಯನ್ನೇ ದಿಟ್ಟಿಸಿದಳು.

"ಬದುಕಿದ್ದಷ್ಟು ದಿನ ನಾನು ಬೇಯ್ಸಿದ್ ಸೊಪ್ಪು ಮುಟ್ಲಿಲ್ಲ ಪಾಪಿ" ಎಂದಳು. ದನಿ ಏರಿತು. "ತಟ್ಟೆ ನೂಕ್ತಿದ್ಯಲ್ಲ! ಈಗ ಸತ್ತು ಬಂದು ಇಲ್ಲಿ ಹಸೀದೇ ಮೇಯ್ತಾ ಇದೀಯಾ? ಯಾರು ಹೇಳ್ಕೊಟ್ರು? ಯಾವಳು?" ಚಪ್ಪಲಿ ಬಿಚ್ಚಿ ಬೀಸಿದಳು. ಹಕ್ಕಿ ಹಾರಿತು. ಕಸಿಮಿರೊನ ಕುರ್ಚಿ ಆ ಸಂಜೆಯೇ ಅವಳ ಮನೆಗೆ ವಾಪಸು ಹೋಯಿತು.

ಅಬೆಲಾರ್ದೊ ಅಷ್ಟರಲ್ಲಿ ಮೇಯರ್‌ನ ಕಿವಿ ಸೇರಿದ್ದ. "ಸಾರ್, ಸದ್ದು ಹಕ್ಕೀದು ಅಂತ ಒಪ್ಕೊಂಡ್ಬಿಡಿ. ಹಕ್ಕೀದು ಅಂದ್ರೆ ನಿಮ್ದಲ್ಲ ಅಂತಾಯ್ತು. ಅದನ್ನೇ ಊರಿನ ಹಕ್ಕಿ ಮಾಡಿ. ಇನ್ಮೇಲೆ ಯಾವನು ನಿಮ್ಮನ್ನ ಅಣಕ್ಸಿದ್ರೂ ಅದು ಊರಿಗೆ ಗೌರವ."

ಮೇಯರ್ ಕೈಯೆತ್ತಿ ಘೋಷಿಸಿದ. ಚಪ್ಪಾಳೆಯಾಯಿತು. ಫೆರ್ಮಿನ್‌ನ ಕೈಗೆ ಹತ್ತಿರ ತಂದಿದ್ದ ಬೇಡಿಯನ್ನು ಸಾರ್ಜೆಂಟ್ ಸೊಂಟಕ್ಕೆ ಸಿಕ್ಕಿಸಿಕೊಂಡು ಅದೇ ಕೈಯನ್ನು ಕುಲುಕಿದ. "ನಮ್ ಫೆರ್ಮಿನ್!" ಎಂದು ಅಬೆಲಾರ್ದೊ ತಬ್ಬಿಕೊಂಡ. ಫೆರ್ಮಿನ್ ಅವನ ಭುಜದ ಮೇಲಿಂದ ದೊಮಿತಿಲಾಳನ್ನು ಹುಡುಕಿದ. ಅವಳು ಆಗಲೇ ಗಾಡಿ ಹತ್ತಿದ್ದಳು.

ಹಕ್ಕಿಗೆ ಗೌರವ ಸಲ್ಲಿಸುವ ಕೆಲಸ ಆ ವಾರವೇ ಶುರುವಾಯಿತು. ನೋಡಲು ಬರುವವರಿಗೆ ನಿಲ್ಲಲು ಜಾಗ ಬೇಡವೇ? ಜಾಲಿ ತೋಪು ಕಡಿದು ಸಿಮೆಂಟಿನ ಕಟ್ಟೆ ಹಾಕಿದರು. ನೆರಳಿಗೆ ತಗಡಿನ ಚಾವಣಿ ಕಟ್ಟಿದರು. 'ಇಲ್ಲಿ ಹಕ್ಕಿಗಳಿಗೆ ತೊಂದರೆ ಕೊಡಬಾರದು' ಎಂಬ ಬೋರ್ಡು ನೆಡಲು ಕಡಿಯದೆ ಉಳಿದಿದ್ದ ದೊಡ್ಡ ಪೊದೆಯನ್ನೂ ಕಡಿದರು. ಕಟ್ಟೆಯ ಅಂಚಿನಲ್ಲಿ ಒಂದು ಪೊದೆ ಉಳಿಯಿತು, ಕೊಡಲಿಯವನಿಗೆ ಊಟದ ಹೊತ್ತಾದ್ದರಿಂದ. ಎಲೆ ತಿಂದು ಬದುಕುವ ಹಕ್ಕಿ ಸಿಮೆಂಟು ತಿಂದು ನೋಡಲಿಲ್ಲ, ಎಲ್ಲಿಗೋ ಹೊರಟುಹೋಯಿತು. ಅದು ಹೋದದ್ದನ್ನು ಗಮನಿಸಿದವನು ಫೆರ್ಮಿನ್ ಒಬ್ಬನೇ. ಹೋಗಿ ಹೇಳಿದ. "ಕಟ್ಟೆ ಚೆನ್ನಾಗಿ ಬಂದಿದೆಯಲ್ಲ" ಎಂದ ಮೇಯರ್.

ಅಷ್ಟರಲ್ಲಿ ಮೇಯರ್ ಪ್ಯೂರಾ ಪಟ್ಟಣದ ರೇಡಿಯೋದಲ್ಲಿ ಕೂತು, ಜಗತ್ತಿನಲ್ಲೆಲ್ಲೂ ಇಲ್ಲದ ನಮ್ಮ ಹಕ್ಕಿಯನ್ನು ಹೊಗಳಿ, ಅದರ ಕೂಗನ್ನೂ ಕೇಳಿಸಿದ್ದ. ಅವನಿಗೆ ಅದೇನೂ ಕಷ್ಟವಾಗಲಿಲ್ಲ. ಅದನ್ನು ಕೇಳಿ ಲಿಮಾದಿಂದ ಡಾಕ್ಟರ್ ಓತಿಲಿಯಾ ಬರ್ರೆನೆಚೆಯಾ ಎಂಬ ಪಕ್ಷಿತಜ್ಞೆ ಫೋನು ಮಾಡಿದಳು. ಶನಿವಾರ ಬರುತ್ತೇನೆ, ನೋಡಬೇಕು, ಕೇಳಬೇಕು ಎಂದಳು.

ಪುರಸಭೆ ನಡುಗಿತು. ಅಬೆಲಾರ್ದೊಗೆ ಕಾನೂನು ಗೊತ್ತಿದ್ದುದು ಇಲ್ಲಿ ನೆರವಿಗೆ ಬಂತು. ತನ್ನ ಬೂದಿ ಬಣ್ಣದ ಕಾಲುಚೀಲಕ್ಕೆ ಹತ್ತಿ ತುಂಬಿ, ಫೆರ್ಮಿನ್‌ನ ಅಂಗಡಿಯ ತುಕ್ಕುನಿರೋಧಕ ಕೆಂಪು ಬಣ್ಣವನ್ನು ಅದರ ಹೊಟ್ಟೆಗೆ ಬಳಿದು, ಉಳಿದ ಪೊದೆಗೆ ತಂತಿಯಿಂದ ಕಟ್ಟಿದ. "ನೋಟ ಆಯ್ತು" ಎಂದ. ಆಮೇಲೆ ಎಲ್ಲರೂ ಫೆರ್ಮಿನ್‌ನ ಕಡೆ ತಿರುಗಿದರು.

"ಆಗಲ್ಲ" ಎಂದ ಫೆರ್ಮಿನ್. ಅವನು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಂಗೆ ಹಕ್ಕಿ ಸಾಕಾಯ್ತು. ದೊಮಿತಿಲಾಳನ್ನ ಮನೆಗೆ ಕಳ್ಸು ಭಾವ."

"ಸಾರ್ಜೆಂಟ್, ಆ ಹೇಳಿಕೆ ಹಾಳೆ ಇನ್ನೂ ಟೈಪ್‌ರೈಟರಲ್ಲೇ ಇದೆಯಲ್ವಾ?" ಎಂದು ಮೇಯರ್ ವಿಚಾರಿಸಿದ.

ಶನಿವಾರ ಬೆಳಗ್ಗೆ ಫೆರ್ಮಿನ್ ಪೊದೆಯೊಳಗೆ ಕುಕ್ಕರುಗಾಲಲ್ಲಿ ಕೂತ. ತಜ್ಞೆ ಬಂದಳು: ತೆಳ್ಳಗೆ, ದಪ್ಪ ಕನ್ನಡಕ, ಕೊರಳಲ್ಲಿ ದುರ್ಬೀನು, ಕೈಯಲ್ಲಿ ಧ್ವನಿಮುದ್ರಣದ ಯಂತ್ರ. ಮೇಯರ್‌ಗೆ ಮಾತಾಡಬಾರದೆಂದು ಕಟ್ಟಪ್ಪಣೆಯಾಗಿತ್ತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಹೆಂಗಸರು ಊಟದ ಪಾತ್ರೆಗಳೊಂದಿಗೆ ನಿಂತಿದ್ದರು, ಅವರಲ್ಲಿ ದೊಮಿತಿಲಾಳೂ ಇದ್ದಳು.

ತಜ್ಞೆ ದುರ್ಬೀನು ಏರಿಸಿ ಕಾಲುಚೀಲವನ್ನು ಬಹಳ ಹೊತ್ತು ನೋಡಿದಳು.

"ಅಲುಗಾಡ್ತಾನೇ ಇಲ್ಲ" ಎಂದಳು. ಆಮೇಲೆ ಮೆಚ್ಚಿ ತಲೆಯಾಡಿಸಿದಳು. "ಸರಿಯಾಗೇ ಇದೆ. ಈ ಜಾತಿಯೇ ಮಹಾ ಸೋಮಾರಿ."

ಅಬೆಲಾರ್ದೊ ಕೆಮ್ಮಿ ಸಂಜ್ಞೆ ಕೊಟ್ಟ. ಪೊದೆಯಿಂದ ಸದ್ದು ಬಂತು. ಆದರೆ ಅಷ್ಟರಲ್ಲಿ ಫೆರ್ಮಿನ್ ಕೂತು ಬಹಳ ಹೊತ್ತಾಗಿತ್ತು. ಮೊಣಕಾಲು ಹಿಡಿದುಕೊಂಡಿದ್ದವು, ಬೆನ್ನಿಗೆ ಜಾಲಿಮುಳ್ಳು ಚುಚ್ಚಿತ್ತು, ಕೆಂಪಿರುವೆಗಳು ಷರಾಯಿಯ ಒಳದಾರಿ ಕಂಡುಕೊಂಡಿದ್ದವು. ಬಹಳ ದಿನಗಳಿಂದ ಅವನು ತಾನೇ ಬೇಯಿಸಿಕೊಂಡು ತಿನ್ನುತ್ತಲೂ ಇದ್ದ. ಈ ಸಲದ ನರಳಾಟ ಅಣಕವಾಗಿರಲಿಲ್ಲ. ಒಂದು, ಇನ್ನೊಂದು, ಮತ್ತೂ ಒಂದು. ತಡೆದುಕೊಳ್ಳಲು ನೋಡಿದರೂ ಬರುತ್ತಲೇ ಇದ್ದವು.

"ಆಹಾ!" ಎಂದು ತಜ್ಞೆ ಯಂತ್ರವನ್ನು ಮುಂದೆ ಚಾಚಿದಳು. "ಗಂಡು. ವಯಸ್ಸಾಗಿದೆ. ಆರೋಗ್ಯ ಅಷ್ಟಕ್ಕಷ್ಟೆ. ಇಷ್ಟು ನರಳ್ತಾ ಇದೆ ಅಂದ್ರೆ ಜೊತೆಗಾತಿ ಇಲ್ಲ. ಹೆಣ್ಣು ಹತ್ರ ಬಂದ್ರೆ ತಟ್ಟನೆ ನಿಲ್ಸಿಬಿಡುತ್ತೆ, ಇದು ನನ್ನ ಸಿದ್ಧಾಂತ. ಯಾರೂ ಇನ್ನೂ ಕಣ್ಣಾರೆ ನೋಡಿಲ್ಲ."

ಹೆಂಗಸರ ಸಾಲಿನಲ್ಲಿ ಒಂದು ಪಾತ್ರೆ ಕೆಳಗಿಟ್ಟ ಸದ್ದಾಯಿತು. ದೊಮಿತಿಲಾ ಯಾರ ಕಡೆಗೂ ನೋಡದೆ ಕಟ್ಟೆ ದಾಟಿ, ಪೊದೆಯ ಹಿಂಭಾಗಕ್ಕೆ ಹೋಗಿ ಬಗ್ಗಿದಳು. ಹತ್ತಿರದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಏಳು, ಸಾಕು. ಮನೆಗೆ ಹೋಗಣ."

"ಕಾಲು ಹಿಡ್ಕೊಂಡಿದೆ ಕಣೇ."

"ನನ್ ಭುಜ ಹಿಡ್ಕೋ."

ನರಳಾಟ ನಿಂತಿತು. ಕಾಲುಚೀಲ ಒಮ್ಮೆ ತಲೆಕೆಳಗಾಗಿ ತೂಗಾಡಿತು. ಪೊದೆಯ ಹಿಂದಿನಿಂದ ಗಂಡಹೆಂಡಿರು ಮರಳಿನಲ್ಲಿ ಒಬ್ಬರ ಮೇಲೊಬ್ಬರು ಭಾರ ಹಾಕಿಕೊಂಡು ಊರ ಕಡೆಗೆ ನಡೆದುಹೋದರು. ತಜ್ಞೆ ಅವರನ್ನು ಗಮನಿಸಲಿಲ್ಲ. ಅವಳ ಕಣ್ಣು ಯಂತ್ರದ ಮುಳ್ಳಿನ ಮೇಲಿತ್ತು, ಮುಖ ಸಂತೋಷದಿಂದ ಕೆಂಪಾಗಿತ್ತು.

"ನಿಂತ್ಹೋಯ್ತು!" ಎಂದು ಅವಳು ಮೇಯರ್‌ನ ತೋಳು ಹಿಡಿದು ಅಲುಗಿಸಿದಳು. "ಕೇಳಿದ್ರಾ? ನಿಂತೇ ಹೋಯ್ತು! ಎಲ್ಲೋ ಇಲ್ಲೇ ಹೆಣ್ಣು ಬಂದಿದೆ!"